ಸೊನ್ನೆ ಬಿಲ್ಲಿನ ಮನೆಗೆ ಬಂದ ಲ್ಯಾಪ್‌ಟಾಪ್: ಸಾಗರ ತಾಲೂಕಿನ ಒಂದು ಮನೆಯ ವಿದ್ಯುತ್ ಲೆಕ್ಕ

ಸಾಗರ ತಾಲೂಕಿನ ಒಳಭಾಗದ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಮನೆಗೆ 2025ರ ಆಗಸ್ಟ್ ಮೊದಲ ವಾರದಲ್ಲಿ ಬಂದ ವಿದ್ಯುತ್ ಬಿಲ್ಲಿನಲ್ಲಿ ಜುಲೈ ತಿಂಗಳ ಬಳಕೆ 151 ಯೂನಿಟ್ ಎಂದಿತ್ತು. ಕಟ್ಟಬೇಕಾದ ಹಣ ಇನ್ನೂರೈವತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ಪೇಟೆಯ ಮನೆಗಳಿಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಗೃಹಜ್ಯೋತಿ ಯೋಜನೆಯ ಮೊದಲ ಬಿಲ್ಲು ಬಂದ 2023ರ ಆಗಸ್ಟ್‌ನಿಂದ ಒಂದೂವರೆ ವರ್ಷ ಆ ಮನೆಯವರು ಸೊನ್ನೆ ಬಿಲ್ಲನ್ನೇ ನೋಡಿದ್ದರು. 2025ರ ಫೆಬ್ರುವರಿಯಲ್ಲಿ, ಭಾವನ ಮಂಡಿಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಕ್ಕನ ಮಗ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದು ಊರಿಗೆ ಬಂದ. ಮಾರ್ಚ್ ತಿಂಗಳಿನಿಂದ ಬಿಲ್ಲಿನಲ್ಲಿ ಹಣ ಕಾಣಿಸತೊಡಗಿತು. "ಮಾಣಿಯ ಕಂಪ್ಯೂಟರ್ ಬಂದಮೇಲೇ ಇದು ಶುರುವಾದದ್ದು. ನೀವು ಕರೆಂಟಿನ ಪಾಠ ಹೇಳಿದವರು, ಒಮ್ಮೆ ಬಂದು ನೋಡಿ" ಎಂದು ಭಾವ ಫೋನ್ ಮಾಡಿದರು.

ನಾನು ಪಾಲಿಟೆಕ್ನಿಕ್‌ನ ವಿದ್ಯುತ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು. ಲ್ಯಾಪ್‌ಟಾಪ್ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬ ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಅಪ್ಪನಿಗೆ ಮಗನ ಕೆಲಸವೇ ಮನೆಗೆ ಹೊರೆಯಾಗಿ ಕಾಣುತ್ತಿತ್ತು, ಮಗನಿಗೆ ತಾನು ಬಂದದ್ದೇ ತಪ್ಪಾಯಿತೇನೋ ಎನ್ನಿಸುತ್ತಿತ್ತು. ಊಟಕ್ಕೆ ಕೂತಾಗಲೂ ಅದೇ ಮಾತು ಬರುತ್ತಿತ್ತೆಂದು ಅಕ್ಕ ಹೇಳಿದಳು. ಅಂದಾಜು ಹೇಳಿ ಯಾರೊಬ್ಬರ ಪರ ವಹಿಸುವುದಕ್ಕಿಂತ ಅಳೆದು ನೋಡುವುದೇ ಸರಿ ಎನ್ನಿಸಿ, ಆಗಸ್ಟ್‌ನಲ್ಲಿ ಎರಡು ವಾರ ಅಲ್ಲೇ ಉಳಿದೆ. ಈ ಬರಹ ಆ ಅಳತೆಯ ಪೂರ್ಣ ವಿವರ.

ಮನೆ ಮತ್ತು ಅದರ ಹಕ್ಕಿನ ಯೂನಿಟ್

ಮನೆಯಲ್ಲಿ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷಿನ್, ಟಿ.ವಿ., ಒಂಬತ್ತು ಹತ್ತು ಎಲ್‌ಇಡಿ ದೀಪಗಳು, ನಾಲ್ಕು ಫ್ಯಾನ್‌ಗಳು ಇವೆ. ಬಚ್ಚಲಿನ ಹಂಡೆಗೆ ಈಗಲೂ ಸೌದೆ ಮತ್ತು ಅಡಿಕೆ ಸಿಪ್ಪೆಯ ಬೆಂಕಿಯೇ ಆದ್ದರಿಂದ ಗೀಸರ್ ಇಲ್ಲ. ತೋಟದ ಪಂಪ್‌ಸೆಟ್ಟಿನ ಸಂಪರ್ಕ ಬೇರೆ. ಅದು ಈ ಲೆಕ್ಕಕ್ಕೆ ಬರುವುದಿಲ್ಲ. ನೀರು ಕಾಯಿಸುವ ಖರ್ಚು ಇಲ್ಲದ ಕಾರಣ ಬಳಕೆ ತಿಂಗಳಿನಿಂದ ತಿಂಗಳಿಗೆ ಹೆಚ್ಚು ಏರಿಳಿಯುವುದಿಲ್ಲ. ಹೊಸದಾಗಿ ಏನಾದರೂ ಸೇರಿದರೆ ಅದು ಮೀಟರಿನಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ನೇರವಾಗಿ 200 ಯೂನಿಟ್ ಉಚಿತ ಎಂಬ ಕಲ್ಪನೆ ಇನ್ನೂ ಹಲವರಲ್ಲಿದೆ, ಅದು ಸರಿಯಲ್ಲ. ಆಯಾ ಮನೆ 2022–23ನೇ ಹಣಕಾಸು ವರ್ಷದಲ್ಲಿ ಬಳಸಿದ ತಿಂಗಳ ಸರಾಸರಿಗೆ ಶೇ 10ರಷ್ಟು ಸೇರಿಸಿದರೆ ಬರುವುದೇ ಸಾಮಾನ್ಯವಾಗಿ ಆ ಮನೆಯ ಉಚಿತ ಮಿತಿ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಮನೆಯವರದು. ಅಕ್ಕನ ಮನೆಯ 2022–23ರ ಸರಾಸರಿ 104 ಯೂನಿಟ್ ಇದ್ದುದರಿಂದ ಮಿತಿ 114ಕ್ಕೆ ನಿಂತಿತ್ತು. 2024ರ ಜುಲೈನಲ್ಲಿ ಅವರು ಬಳಸಿದ್ದು 110. ಹಾಗಾಗಿ ಸೊನ್ನೆ ಬಿಲ್ಲು. 2025ರ ಜುಲೈನಲ್ಲಿ 151. ಮಿತಿಗಿಂತ 37 ಹೆಚ್ಚು, ಹಿಂದಿನ ವರ್ಷದ ಅದೇ ತಿಂಗಳಿಗಿಂತ 41 ಹೆಚ್ಚು.

ಯೂನಿಟ್ಟಿನ ಬೆಲೆಯಲ್ಲೂ ಸ್ವಲ್ಪ ಗೊಂದಲವಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೃಹಬಳಕೆಯ ದರವನ್ನು 2025ರ ಏಪ್ರಿಲ್‌ನಿಂದ ₹5.90ರಿಂದ ₹5.80ಕ್ಕೆ ಇಳಿಸಿತು. ಆದರೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಎಂದು ಯೂನಿಟ್ಟಿಗೆ 36 ಪೈಸೆ ಸೇರಿತು, ₹5.80ರ ಮೇಲೆ ಶೇ 9ರ ತೆರಿಗೆ ಮೊದಲಿನಿಂದಲೂ ಇದೆ. ಮೂರನ್ನೂ ಕೂಡಿದರೆ ಮಿತಿ ದಾಟಿದ ಒಂದೊಂದು ಯೂನಿಟ್ಟಿಗೂ ಆ ವರ್ಷ ಸುಮಾರು ₹6.70 ಬೀಳುತ್ತಿತ್ತು. ವಿದ್ಯುತ್ ಖರೀದಿಯ ವೆಚ್ಚಕ್ಕೆ ತಕ್ಕಂತೆ ಆಗಾಗ ಬದಲಾಗುವ ಇಂಧನ ಹೊಂದಾಣಿಕೆಯ ಮೊತ್ತವನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ಅಡಾಪ್ಟರಿನ ಚೀಟಿಯನ್ನು ಇಬ್ಬರು ಓದಿದ ಬಗೆ

ನಾನು ಹೋಗುವ ಮೊದಲೇ ಭಾವ ಒಂದು ಲೆಕ್ಕ ಹಾಕಿಟ್ಟಿದ್ದರು. ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಅಡಾಪ್ಟರಿನ ಹೊಟ್ಟೆಯ ಮೇಲೆ ಸಣ್ಣ ಅಕ್ಷರಗಳ ಚೀಟಿಯೊಂದಿದೆ. ಅದರಲ್ಲಿ ಒಳಬರುವ ವಿದ್ಯುತ್ತು 100–240 ವೋಲ್ಟ್, 1.7 ಆಂಪಿಯರ್ ಎಂದೂ, ಹೊರಹೋಗುವುದು 19.5 ವೋಲ್ಟ್, 3.34 ಆಂಪಿಯರ್ ಎಂದೂ ಬರೆದಿದೆ. ಭಾವ ಹಳೆಯ ಕಾಲದ ಎಸ್ಸೆಸ್ಸೆಲ್ಸಿಯವರು, ಲೆಕ್ಕದಲ್ಲಿ ಗಟ್ಟಿಗರು. ಅವರು 240ನ್ನು 1.7ರಿಂದ ಗುಣಿಸಿ 408 ವ್ಯಾಟ್ ಎಂದು ತೆಗೆದು, ದಿನಕ್ಕೆ ಹತ್ತು ಗಂಟೆಯಂತೆ 4 ಯೂನಿಟ್ (ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್), ಜುಲೈನ 23 ಕೆಲಸದ ದಿನಗಳಿಗೆ ಸುಮಾರು 94 ಯೂನಿಟ್ ಎಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು. ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಮನೆಯ ಒಟ್ಟು ಹೆಚ್ಚಳವೇ 41 ಯೂನಿಟ್ ಆಗಿರುವಾಗ ಒಂದು ಲ್ಯಾಪ್‌ಟಾಪ್ ಒಂದೇ 94 ತಿನ್ನುವುದು ಹೇಗೆ ಎಂದು ಕೇಳಿದಾಗ ಅವರೂ ತಲೆದೂಗಿದರು.

ಚೀಟಿಯ 1.7 ಆಂಪಿಯರ್ ಎಂಬುದು ಜಗತ್ತಿನ ಯಾವ ದೇಶದ ಪ್ಲಗ್ಗಿಗೆ ಸಿಕ್ಕಿಸಿದರೂ ಅಡಾಪ್ಟರ್ ಎಳೆಯಬಹುದಾದ ಗರಿಷ್ಠ ವಿದ್ಯುತ್ಪ್ರವಾಹ. ಕಡಿಮೆ ವೋಲ್ಟೇಜಿನಲ್ಲಿ, ಅಂದರೆ 100 ವೋಲ್ಟ್ ಇರುವಲ್ಲಿ, ಪ್ರವಾಹ ಹೆಚ್ಚು ಬೇಕು. ನಮ್ಮ 230 ವೋಲ್ಟಿನಲ್ಲಿ ಬಹಳ ಕಡಿಮೆ ಸಾಕು. ಹೆಚ್ಚಿನ ವೋಲ್ಟೇಜಿಗೆ ಹೆಚ್ಚಿನ ಪ್ರವಾಹವನ್ನು ಜೋಡಿಸಿ ಗುಣಿಸಿದ್ದೇ ತಪ್ಪಾಯಿತು. ಸೋದರಳಿಯ ಹೊರಹೋಗುವ ಸಂಖ್ಯೆಗಳನ್ನು ಹಿಡಿದು 19.5 ಮತ್ತು 3.34ನ್ನು ಗುಣಿಸಿ 65 ವ್ಯಾಟ್ ಎಂದು, ತಿಂಗಳಿಗೆ 14 ಯೂನಿಟ್ ಎಂದು ಹೇಳಿದ್ದ. ಅವನ ದಾರಿ ಸರಿ, ಆದರೆ ಅದೂ ಗರಿಷ್ಠ ಮಿತಿಯೇ. ಗಾಡಿಗೆ ನೂರು ಕಿಲೋಮೀಟರ್ ವೇಗದ ಶಕ್ತಿ ಇದೆಯೆಂದ ಮಾತ್ರಕ್ಕೆ ಸಾಗರದ ಪೇಟೆ ಬೀದಿಯಲ್ಲಿ ಅದು ನೂರರಲ್ಲಿ ಓಡುವುದಿಲ್ಲ.

ಅದೇ ಚೀಟಿಯಲ್ಲಿ ವೃತ್ತದೊಳಗೆ ರೋಮನ್ ಅಂಕೆಯ ಆರು ಎಂಬ ಗುರುತೂ ಇತ್ತು. ಅದು ಅಡಾಪ್ಟರಿನ ದಕ್ಷತೆಯ ದರ್ಜೆ. ಆ ದರ್ಜೆಯ 65 ವ್ಯಾಟಿನ ಅಡಾಪ್ಟರ್, ಲ್ಯಾಪ್‌ಟಾಪ್ ಜೋಡಿಸದೆ ಸುಮ್ಮನೆ ಪ್ಲಗ್ಗಿನಲ್ಲಿದ್ದಾಗ 0.21 ವ್ಯಾಟಿಗಿಂತ ಹೆಚ್ಚು ಎಳೆಯಕೂಡದು. ರಾತ್ರಿ ಅಡಾಪ್ಟರ್ ಪ್ಲಗ್ಗಿನಲ್ಲೇ ಉಳಿಯಿತೆಂದು ಮಗನನ್ನು ಗದರುತ್ತಿದ್ದ ಅಕ್ಕನಿಗೆ ಇದನ್ನು ತೋರಿಸಿದೆ. ಇಡೀ ವರ್ಷ ಹಾಗೆ ಬಿಟ್ಟರೂ ಅದು ಎರಡು ಯೂನಿಟ್ ಮುಟ್ಟುವುದಿಲ್ಲ. ಮಳೆಗಾಲದ ಸಿಡಿಲಿನ ಭಯಕ್ಕೆ ತೆಗೆದಿಡುವುದಾದರೆ ಅದು ಬೇರೆ, ಒಳ್ಳೆಯ ಕಾರಣ.

ಅಳತೆ

ಪ್ಲಗ್ಗಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರೊಂದನ್ನು ಒಯ್ದಿದ್ದೆ. ಸೋದರಳಿಯ ಬೆಳಿಗ್ಗೆ ಒಂಬತ್ತಕ್ಕೆ ಮಾಳಿಗೆಯ ಕೋಣೆಯಲ್ಲಿ ಕೂತರೆ ಸಂಜೆ ಆರೂವರೆಯವರೆಗೆ ಕೆಲಸ. ಮಿಂಚಂಚೆ, ಬರವಣಿಗೆ, ಪ್ರೋಗ್ರಾಮ್ ತಿದ್ದುವುದು ಇಂಥ ಕೆಲಸದಲ್ಲಿ ಮೀಟರ್ 18ರಿಂದ 25 ವ್ಯಾಟ್ ತೋರಿಸಿತು. ವಿಡಿಯೊ ಸಭೆಯಲ್ಲಿ 30ರಿಂದ 38. ಭಾರವಾದ ಪ್ರೋಗ್ರಾಮ್ ಓಡಿಸಿದಾಗ ಕೆಲವು ನಿಮಿಷ 58. ಬ್ಯಾಟರಿ ಪೂರ್ತಿ ಇಳಿದು, ಕೆಲಸವೂ ನಡೆಯುತ್ತಾ ಚಾರ್ಜೂ ಆಗುತ್ತಿದ್ದಾಗ ಮಾತ್ರ 68ಕ್ಕೆ ಏರಿತು. ಮಧ್ಯಾಹ್ನ ಊಟಕ್ಕೆ ಎದ್ದು ಹೋದಾಗ ಅದು ನಿದ್ರೆಗೆ ಜಾರಿ ಒಂದು ವ್ಯಾಟಿಗೂ ಕೆಳಗೆ ಬರುತ್ತಿತ್ತು. ಹತ್ತು ಕೆಲಸದ ದಿನಗಳಲ್ಲಿ ಒಟ್ಟು 3.1 ಯೂನಿಟ್ ದಾಖಲಾಯಿತು; ದಿನಕ್ಕೆ 0.31 ಯೂನಿಟ್, ಎರಡು ರೂಪಾಯಿಗೆ ತುಸು ಮೇಲೆ. ಜುಲೈನ 23 ದಿನಗಳಿಗೆ ಇದು 7.1 ಯೂನಿಟ್, ಅಂದಾಜು ₹47. ಭಾವನಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಮದುವೆ ಮನೆಗೆ ಹೊರಡುವ ಮುನ್ನ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಹತ್ತೊಂಬತ್ತು ನಿಮಿಷ ಕಾಯಿಸಿದರೆ ಮಗನ ಒಂದು ದಿನದ ಲ್ಯಾಪ್‌ಟಾಪ್ ಖರ್ಚಾಗುತ್ತದೆ.

ಹಾಗಾದರೆ ಉಳಿದ ಮೂವತ್ತನಾಲ್ಕು ಯೂನಿಟ್ ಎಲ್ಲಿ ಹೋಯಿತು? ಲ್ಯಾಪ್‌ಟಾಪ್ ಒಂದೇ ಬಂದಿರಲಿಲ್ಲ. ಅದರ ಬೆನ್ನಿಗೆ ಒಂದು ಪರಿವಾರವೇ ಬಂದಿತ್ತು. ಮೇಜಿನ ಮೇಲೆ 24 ಇಂಚಿನ ದೊಡ್ಡ ಪರದೆ. ಅದು 19 ವ್ಯಾಟ್, ತಿಂಗಳಿಗೆ 3.9 ಯೂನಿಟ್. ಮಳೆಗಾಲದಲ್ಲಿ ಮಾಳಿಗೆಯ ಕೋಣೆ ಹಗಲಿನಲ್ಲೂ ಮಬ್ಬಾಗಿರುವುದರಿಂದ ದಿನವಿಡೀ ಉರಿಯುವ 20 ವ್ಯಾಟಿನ ಎಲ್‌ಇಡಿ ಟ್ಯೂಬು, 4.1 ಯೂನಿಟ್. ಫೈಬರ್ ಸಂಪರ್ಕದ ವೈಫೈ ಪೆಟ್ಟಿಗೆ ಕೇವಲ 9 ವ್ಯಾಟಿನದು, ಆದರೆ ಅದಕ್ಕೆ ಶನಿವಾರ ಭಾನುವಾರವಿಲ್ಲ, ಹಗಲು ರಾತ್ರಿಯಿಲ್ಲ. ತಿಂಗಳಿನ 744 ಗಂಟೆಯೂ ಉರಿದು ಅದು 6.7 ಯೂನಿಟ್ ಬಳಸಿತ್ತು. ದಿನವಿಡೀ ದುಡಿಯುವ ಲ್ಯಾಪ್‌ಟಾಪಿಗೂ, ಗೋಡೆಗೆ ಅಂಟಿಕೊಂಡು ಮಿಣುಕುವ ಆ ಪೆಟ್ಟಿಗೆಗೂ ತಿಂಗಳ ಕೊನೆಗೆ ಹೆಚ್ಚುಕಡಿಮೆ ಒಂದೇ ಖರ್ಚು ಎಂಬುದು ಮನೆಯವರಿಗಷ್ಟೇ ಅಲ್ಲ, ಇಷ್ಟು ವರ್ಷ ಪಾಠ ಹೇಳಿದ ನನಗೂ ಯೋಚಿಸುವಂತೆ ಮಾಡಿತು. ವ್ಯಾಟನ್ನು ಮಾತ್ರ ನೋಡಿ ಗಂಟೆಯನ್ನು ಮರೆಯುವ ಅಭ್ಯಾಸ ನಮ್ಮೆಲ್ಲರಿಗೂ ಇದೆ.

ಇಷ್ಟನ್ನೂ ಕೂಡಿದರೆ 21.8 ಯೂನಿಟ್. ದೊಡ್ಡ ಪಾಲು ಇನ್ನೂ ಸಿಕ್ಕಿರಲಿಲ್ಲ.

ಮೆಟ್ಟಿಲ ಕೆಳಗಿನ ಯುಪಿಎಸ್

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ನಾಡಿಗೆ ಬೆಳಕು ಕೊಟ್ಟ ಈ ತಾಲೂಕಿನ ಹಳ್ಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿನವರ ನಿತ್ಯದ ಅನುಭವ. ಕಾಡಿನ ನಡುವೆ ಹಾದು ಬರುವ ತಂತಿಯ ಮೇಲೆ ಗಾಳಿಮಳೆಗೆ ಮರವೋ ಕೊಂಬೆಯೋ ಬೀಳುತ್ತದೆ, ಲೈನ್‌ಮನ್ ಆ ಮಳೆಯಲ್ಲೇ ನಡೆದು ಹೋಗಿ ಹುಡುಕಬೇಕು. ಸಭೆಯ ನಡುವೆ ಎರಡು ಬಾರಿ ಸಂಪರ್ಕ ಕಡಿದುಹೋದ ಮೇಲೆ ಸೋದರಳಿಯ ಪರಿಚಯದವರೊಬ್ಬರಿಂದ 900 ವಿಎ ಯುಪಿಎಸ್ಸನ್ನೂ 150 ಆಂಪಿಯರ್-ಅವರ್ ಸಾಮರ್ಥ್ಯದ ಹಳೆಯ ಟ್ಯೂಬ್ಯುಲರ್ ಬ್ಯಾಟರಿಯನ್ನೂ ಕೊಂಡು ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದ. 2024ರ ಜುಲೈನಲ್ಲಿ ಅದು ಆ ಮನೆಯಲ್ಲಿರಲಿಲ್ಲ.

ಯುಪಿಎಸ್ ಕರೆಂಟು ಕೊಡುವ ಯಂತ್ರ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಮೊದಲು ಕರೆಂಟು ತಿನ್ನುವ ಯಂತ್ರ. ಇದನ್ನು ಮನೆಯವರ ಕಣ್ಣಿಗೇ ಕಾಣಿಸಲು ಜಗಲಿಯ ಗೋಡೆಯಲ್ಲಿರುವ ಮನೆಯ ಮೀಟರನ್ನೇ ಬಳಸಿದೆ. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ 3200 ಮಿಣುಕು ಎಂದು ಬರೆದಿದೆ. ಪುಟ್ಟ ಕೆಂಪು ದೀಪ ಅಷ್ಟು ಬಾರಿ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತೆಂದು ಅರ್ಥ. ರಾತ್ರಿ ಊಟ ಮುಗಿದ ಮೇಲೆ ಫ್ರಿಜ್ಜೂ ಸೇರಿ ಎಲ್ಲವನ್ನೂ ಆರಿಸಿ, ಯುಪಿಎಸ್ ಮತ್ತು ವೈಫೈ ಪೆಟ್ಟಿಗೆ ಎರಡನ್ನೇ ಉಳಿಸಿದೆವು. ಕತ್ತಲಲ್ಲಿ ನಾಲ್ವರೂ ಮೀಟರಿನ ಮುಂದೆ ನಿಂತಿದ್ದೆವು. ಸೋದರಳಿಯ ಮೊಬೈಲಿನಲ್ಲಿ ಸಮಯ ಎಣಿಸುತ್ತಿದ್ದ. ದೀಪ 43 ಸೆಕೆಂಡಿಗೊಮ್ಮೆ ಮಿಣುಕಿತು. ಅಂದರೆ 26 ವ್ಯಾಟ್. ವೈಫೈಯ ಪ್ಲಗ್ ತೆಗೆದ ಮೇಲೆ 66 ಸೆಕೆಂಡಿಗೊಮ್ಮೆ. ಅಂದರೆ 17 ವ್ಯಾಟ್. ಮನೆಯಲ್ಲಿ ಒಂದೂ ದೀಪ ಉರಿಯದಿದ್ದಾಗ, ಯಾರಿಗೂ ಯಾವ ಕೆಲಸವನ್ನೂ ಮಾಡಿಕೊಡದೆ, ಯುಪಿಎಸ್ ತನ್ನ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಬಳಸುತ್ತಿದ್ದ ವಿದ್ಯುತ್ತು ಅದು. "ಇದು ರಾತ್ರಿಯಿಡೀ ಹೀಗೇ ತಿನ್ನುತ್ತದೆಯೇ?" ಎಂದು ಅಕ್ಕ ಕೇಳಿದಳು. ರಾತ್ರಿಯಿಡೀ, ಹಗಲಿಡೀ ತಿನ್ನುತ್ತದೆ.

ಎರಡನೆಯ ನಷ್ಟ ಕರೆಂಟು ಹೋಗಿ ಬಂದಾಗ ಆಗುವಂಥದ್ದು. ಒಂದು ದಿನ ಬೇಕೆಂದೇ ಯುಪಿಎಸ್ಸಿನ ಪ್ಲಗ್ಗನ್ನು ನಾಲ್ಕು ಗಂಟೆ ಕಳಚಿ, ಲ್ಯಾಪ್‌ಟಾಪ್, ಪರದೆ, ಟ್ಯೂಬು, ವೈಫೈ ಎಲ್ಲವನ್ನೂ ಬ್ಯಾಟರಿಯ ಮೇಲೆ ನಡೆಸಿದೆವು. ಅವು ಬಳಸಿದ್ದು 0.29 ಯೂನಿಟ್. ಮತ್ತೆ ಪ್ಲಗ್ ಹಾಕಿದ ಮೇಲೆ ಬ್ಯಾಟರಿ ತುಂಬಲು ಏಳು ಗಂಟೆ ಬೇಕಾಯಿತು. ನಿತ್ಯದ 17 ವ್ಯಾಟನ್ನು ಕಳೆದರೂ ಅದು ಒಳಗೆಳೆದದ್ದು 0.60 ಯೂನಿಟ್. ಒಂದು ಪಾಲು ಕೆಲಸಕ್ಕೆ ಎರಡು ಪಾಲು ಬೆಲೆ. ಚಾರ್ಜ್ ಮಾಡುವಾಗ ಸ್ವಲ್ಪ, ಬ್ಯಾಟರಿಯ ರಾಸಾಯನಿಕ ಕ್ರಿಯೆಯಲ್ಲಿ ಸ್ವಲ್ಪ, 12 ವೋಲ್ಟಿನ ನೇರ ವಿದ್ಯುತ್ತನ್ನು 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಬದಲಿಸುವಾಗ ಸ್ವಲ್ಪ, ಹೀಗೆ ಅರ್ಧದಷ್ಟು ಶಾಖವಾಗಿ ಹೋಗುತ್ತದೆ. ಅದರ ಮೇಲೆ, ಆ 230 ವೋಲ್ಟನ್ನು ಲ್ಯಾಪ್‌ಟಾಪಿನ ಅಡಾಪ್ಟರ್ ಮತ್ತೆ 19.5 ವೋಲ್ಟಿನ ನೇರ ವಿದ್ಯುತ್ತಾಗಿ ಇಳಿಸಿ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಗೆ ತುಂಬುತ್ತದೆ. ಒಂದು ಬ್ಯಾಟರಿಯಿಂದ ಇನ್ನೊಂದು ಬ್ಯಾಟರಿಗೆ ವಿದ್ಯುತ್ತನ್ನು ಇಷ್ಟು ಸುತ್ತು ಬಳಸಿ ಸುರಿಯುತ್ತಿದ್ದೇವೆಂದು ಯಾರೂ ಯೋಚಿಸಿರಲಿಲ್ಲ.

ಕರೆಂಟು ಹೋದ ಬಂದ ಹೊತ್ತನ್ನು ಸೋದರಳಿಯ ಕಚೇರಿಗೆ ವಿವರಣೆ ಕೊಡಬೇಕಾದ ಕಾರಣ ಬರೆದಿಡುತ್ತಿದ್ದ. ಜುಲೈನಲ್ಲಿ ಒಟ್ಟು 84 ಗಂಟೆ, ಅದರಲ್ಲಿ 50 ಗಂಟೆ ಅವನ ಕೆಲಸದ ವೇಳೆಯಲ್ಲೇ. ಕರೆಂಟು ಇದ್ದ 660 ಗಂಟೆಗಳಲ್ಲಿ ಯುಪಿಎಸ್ಸಿನ ನಿತ್ಯದ ಸೆಳೆತ 11.2 ಯೂನಿಟ್, ತುಂಬಿ ಖಾಲಿಯಾಗುವ ನಷ್ಟ ಸುಮಾರು 4.9 ಯೂನಿಟ್, ಎರಡೂ ಸೇರಿ 16.1. ಲ್ಯಾಪ್‌ಟಾಪಿನ ಎರಡು ಪಟ್ಟಿಗಿಂತ ಹೆಚ್ಚು. ಈಗ ಮೊತ್ತ 37.9ಕ್ಕೆ ಬಂತು. 41ರಲ್ಲಿ ಉಳಿದ ಮೂರು ಯೂನಿಟ್ ಒಬ್ಬರು ಹೆಚ್ಚಾದ ಮನೆಯ ವಾಷಿಂಗ್ ಮಷಿನ್ನು, ಮೊಬೈಲು, ಮಾಳಿಗೆಯ ರಾತ್ರಿಯ ದೀಪ. ಅದನ್ನು ಬೆನ್ನಟ್ಟಲು ನಾನು ಹೋಗಲಿಲ್ಲ. ಮಗ ಮನೆಯಲ್ಲಿದ್ದರೆ ಅಷ್ಟು ಆಗಲೇಬೇಕು.

ಬ್ಯಾಟರಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಆರು ಕೋಶಗಳ ಪೈಕಿ ಎರಡರಲ್ಲಿ ನೀರಿನ ಮಟ್ಟ ತೋರಿಸುವ ತೇಲುಕಡ್ಡಿ ಕೆಂಪು ಗೆರೆಯವರೆಗೆ ಇಳಿದಿತ್ತು. ತಂದ ದಿನದಿಂದ ಯಾರೂ ಡಿಸ್ಟಿಲ್ಡ್ ವಾಟರ್ ಹಾಕಿರಲಿಲ್ಲ. ಸೊರಗಿದ ಕೋಶಗಳಿರುವ ಬ್ಯಾಟರಿ ಎಂದೂ ಪೂರ್ತಿ ತುಂಬಿದೆ ಎನ್ನಿಸಿಕೊಳ್ಳುವುದಿಲ್ಲ, ಚಾರ್ಜರ್ ಅದಕ್ಕೆ ಸುರಿಯುತ್ತಲೇ ಇರುತ್ತದೆ. ನೀರು ತುಂಬಿಸಿ, ಎರಡು ದಿನ ಸರಿಯಾಗಿ ಚಾರ್ಜ್ ಆಗಲು ಬಿಟ್ಟು ಮತ್ತೆ ಎಣಿಸಿದಾಗ ಮೀಟರಿನ ದೀಪ 80 ಸೆಕೆಂಡಿಗೊಮ್ಮೆ ಮಿಣುಕಿತು. 17 ವ್ಯಾಟ್ ಇದ್ದದ್ದು 14ಕ್ಕೆ ಇಳಿದಿತ್ತು.

ಯಾರ ಯೂನಿಟ್ ಮೊದಲು?

ಅಳತೆ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯಿತು, ಅದನ್ನು ಎತ್ತಿದವರು ಭಾವ. ಲ್ಯಾಪ್‌ಟಾಪಿಗೆ ಏಳೇ ಯೂನಿಟ್ ಎಂದು ಒಪ್ಪಿದರೂ, ಆ ಏಳನ್ನು ಉಚಿತದಲ್ಲಿ ಸೇರಿಸಬೇಕೋ ಹಣ ಕಟ್ಟುವುದರಲ್ಲಿ ಸೇರಿಸಬೇಕೋ? ಮೀಟರಿಗೆ ಫ್ರಿಜ್ಜಿನ ಯೂನಿಟ್ಟೂ ಒಂದೇ, ಲ್ಯಾಪ್‌ಟಾಪಿನ ಯೂನಿಟ್ಟೂ ಒಂದೇ. ಆದರೆ ಮನೆಯ ಹಳೆಯ ಬಳಕೆಯೇ 110ರಷ್ಟಿದ್ದು 114ಕ್ಕೆ ಉಚಿತ ಮುಗಿಯುವಾಗ, ಹೊಸದಾಗಿ ಬಂದದ್ದಕ್ಕೆ ಸಿಗುವ ಉಚಿತ ಜಾಗ ನಾಲ್ಕೇ ಯೂನಿಟ್. ಆದ್ದರಿಂದ ಕೆಲಸದ ನಿಮಿತ್ತ ಬಂದ ಸುಮಾರು 38 ಯೂನಿಟ್ ಬಹುಪಾಲು ₹6.70ರ ದರದಲ್ಲೇ ಬೀಳುತ್ತದೆ ಎಂಬ ಭಾವನ ತರ್ಕವನ್ನು ನಾನು ಒಪ್ಪಿದೆ. ಲ್ಯಾಪ್‌ಟಾಪ್ ಹೆಚ್ಚು ತಿನ್ನುತ್ತದೆ ಎಂಬ ಅವರ ಮಾತು ತಪ್ಪಿತ್ತು, ಮಗನ ಕೆಲಸ ಬಂದದ್ದರಿಂದ ಬಿಲ್ಲು ಬಂತು ಎಂಬ ಮಾತು ಸರಿಯಿತ್ತು.

ಇಲ್ಲಿ ಯೋಜನೆಯ ಲೆಕ್ಕದಲ್ಲೇ ಒಂದು ತೊಡಕಿದೆ ಎಂಬುದು ನನ್ನ ಅಭಿಪ್ರಾಯ. 2020ರ ಮಾರ್ಚ್‌ನ ಲಾಕ್‌ಡೌನ್ ನಂತರ ಇದೇ ಹುಡುಗ ಇದೇ ಮಾಳಿಗೆಯಲ್ಲಿ ಒಂದೂಮುಕ್ಕಾಲು ವರ್ಷ ಕೂತು ಕೆಲಸ ಮಾಡಿದ್ದ. 2022ರ ಆರಂಭದಲ್ಲಿ ಕಚೇರಿ ಕರೆಯಿತು, ಹೋದ. ಗೃಹಜ್ಯೋತಿಗೆ ಆಧಾರವಾದ 2022–23ರಲ್ಲಿ ಮನೆಯಲ್ಲಿದ್ದವರು ಇಬ್ಬರೇ. ಆ ಒಂದು ವರ್ಷದ ಚಿತ್ರವನ್ನು ಚೌಕಟ್ಟು ಹಾಕಿಟ್ಟಂತೆ ಮಿತಿ ನಿಂತಿದೆ. ಮಗ ಮರಳಿದ, ಮಗು ಹುಟ್ಟಿತು, ಕಾಯಿಲೆಯವರು ಬಂದರು, ಕೆಲಸ ಮನೆಗೆ ಬಂತು ಎಂಬುದು ಅದರೊಳಗೆ ಬರುವುದಿಲ್ಲ. ಹೊಸ ಸಂಪರ್ಕದ ಮನೆಗಳಿಗೆ ಹಳೆಯ ಸರಾಸರಿಯೇ ಇಲ್ಲದ ಕಾರಣ ರಾಜ್ಯದ ಸರಾಸರಿ 53ಕ್ಕೆ ಶೇ 10 ಸೇರಿಸಿ 58 ಯೂನಿಟ್ ಎಂದು ಇಟ್ಟಿದ್ದಾರೆ. ಇಬ್ಬರೂ ಮನೆಯಿಂದ ಕೆಲಸ ಮಾಡುವ ಹೊಸ ದಂಪತಿಗೆ ಅದು ತಿಂಗಳ ಅರ್ಧಕ್ಕೂ ಸಾಲದು.

200ರ ಗಡಿಯ ಹತ್ತಿರವಿರುವವರಿಗೆ ಈ ಸಣ್ಣ ಯೂನಿಟ್‌ಗಳೇ ದುಬಾರಿ. 2025ರ ದರದಲ್ಲಿ ಅಕ್ಕನ ಮನೆ ಒಂದು ತಿಂಗಳು ಸರಿಯಾಗಿ 200 ಬಳಸಿದರೆ ಮಿತಿ ದಾಟಿದ 86 ಯೂನಿಟ್ಟಿಗೆ ಸುಮಾರು ₹575. ಒಂದೇ ಯೂನಿಟ್ ಹೆಚ್ಚಾಗಿ 201 ಆದರೆ, ಎಲ್ಲ ಯೂನಿಟ್ಟಿಗೂ ಸೇರಿ ₹1,340ಕ್ಕಿಂತ ಹೆಚ್ಚು, ಜೊತೆಗೆ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ₹145ರ ನಿಗದಿತ ಶುಲ್ಕ. ಆ ಗಡಿಯಲ್ಲಿ ವೈಫೈ ಪೆಟ್ಟಿಗೆಯ ಏಳು ಯೂನಿಟ್ ಸಾವಿರ ರೂಪಾಯಿಯ ವ್ಯತ್ಯಾಸ ಮಾಡಬಲ್ಲದು. ಅಕ್ಕನ ಮನೆ ಅಲ್ಲಿಂದ ದೂರವಿದೆ. ಆದರೂ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಮಾಳಿಗೆಯ ಹಳೆಯ ಫ್ಯಾನು ದಿನಕ್ಕೆ ಒಂಬತ್ತು ಗಂಟೆ ತಿರುಗಿದರೆ ಅದೊಂದೇ 14 ಯೂನಿಟ್, ಲ್ಯಾಪ್‌ಟಾಪಿನ ಎರಡರಷ್ಟು. ಅಳತೆಯಲ್ಲಿ ಅದು 72 ವ್ಯಾಟ್ ತೋರಿಸಿತು. ಕಡಿಮೆ ವಿದ್ಯುತ್ ಬಳಸುವ ಮೋಟಾರಿನ ಈಗಿನ ಬಿಎಲ್‌ಡಿಸಿ ಫ್ಯಾನುಗಳು 30ರ ಆಸುಪಾಸಿನಲ್ಲೇ ತಿರುಗುತ್ತವೆ.

ಕಚೇರಿಯವರು ಇಂಟರ್ನೆಟ್ಟಿಗೆಂದು ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತಾರೆ, ವಿದ್ಯುತ್ತಿಗೆ ಏನೂ ಇಲ್ಲ. ಆದಾಯ ತೆರಿಗೆಯಲ್ಲೂ ಸಂಬಳದಾರರು ಮನೆಯ ವಿದ್ಯುತ್ ಖರ್ಚನ್ನು ಬೇರೆಯಾಗಿ ಕಳೆಯುವಂತಿಲ್ಲ. ಹೊಸ ಪದ್ಧತಿಯಲ್ಲಿ ಸಂಬಳದಾರರೆಲ್ಲರಿಗೂ ಸಿಗುವ ₹75,000ದ ಸಾಮಾನ್ಯ ಕಡಿತದಲ್ಲೇ ಅದು ಸೇರಿಹೋಯಿತೆಂದು ಭಾವಿಸಬೇಕು. ಸ್ವಂತ ವೃತ್ತಿ ಮಾಡುವವರು ಕೆಲಸಕ್ಕೆ ಬಳಸಿದ ಪಾಲನ್ನು ಖರ್ಚಾಗಿ ತೋರಿಸಬಹುದು, ಅವನಿಗೆ ಆ ದಾರಿ ಇಲ್ಲ.

ಆಮೇಲೆ ಮಾಡಿದ್ದು

ಸೋದರಳಿಯನ ಮೊದಲ ಯೋಚನೆ ಚಾವಣಿಯ ಸೋಲಾರ್. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ₹78,000 ಸಹಾಯಧನವಿದೆ. ಆದರೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ಸರಿಪಡಿಸುವ ಲೈನ್‌ಮನ್ನಿನ ಜೀವಕ್ಕಾಗಿ ಆ ನಿಯಮ. ಕರೆಂಟು ಹೋದಾಗ ಕೆಲಸ ನಡೆಯಬೇಕೆಂಬ ಅವನ ಮುಖ್ಯ ತೊಂದರೆಗೆ ಅದು ಔಷಧವಲ್ಲ. ತಿಂಗಳಿಗೆ ಇನ್ನೂರೈವತ್ತು ರೂಪಾಯಿಯ ಬಿಲ್ಲಿಗೆ ಅಷ್ಟು ಹಣ ಹಾಕುವುದೂ ಬೇಡವೆಂದು ಹೇಳಿದೆ.

ಲ್ಯಾಪ್‌ಟಾಪಿಗೆ ಯುಪಿಎಸ್ ಬೇಕಿಲ್ಲ, ಅದರ ಹೊಟ್ಟೆಯಲ್ಲೇ ಎರಡೂವರೆ ಗಂಟೆ ಬರುವ ಬ್ಯಾಟರಿ ಇದೆ. ಕರೆಂಟು ಹೋದಾಗ ನಿಜಕ್ಕೂ ಕಡಿದುಹೋಗುವುದು ವೈಫೈ. ಅದು 12 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ನಡೆಯುವುದರಿಂದ, ಅಷ್ಟಕ್ಕೇ ಸಾಕಾಗುವ ಅಂಗೈ ಅಗಲದ ಲಿಥಿಯಂ ಬ್ಯಾಟರಿಯ ಪುಟ್ಟ ಯುಪಿಎಸ್ ತರಿಸಿದೆವು. ಮೂರು ಗಂಟೆಗೂ ಹೆಚ್ಚು ನಡೆಸಿತು. ಮೇಜನ್ನು ಗೋಡೆಯ ಬದಿಯಿಂದ ತೋಟದ ಕಡೆಯ ಕಿಟಕಿಗೆ ಸರಿಸಿದೆವು. ರಾತ್ರಿ ಹತ್ತೂವರೆಗೆ ವೈಫೈ ಆರಿಸುವ ಕೆಲಸವನ್ನು, ಬಾಗಿಲು ಹಾಕಿ ಮಲಗುವ ಕೊನೆಯವಳಾದ ಅಕ್ಕ ತಾನೇ ವಹಿಸಿಕೊಂಡಳು. ಆಷಾಢ-ಶ್ರಾವಣದಲ್ಲಿ ಆರೆಂಟು ಗಂಟೆ ಕರೆಂಟಿಲ್ಲದ ದಿನಗಳು ಇದ್ದೇ ಇರುವುದರಿಂದ ದೊಡ್ಡ ಯುಪಿಎಸ್ಸನ್ನು ಮಾರಬೇಡಿ ಎಂದೆ. ಮಳೆ ಇಳಿಮುಖವಾದ ಸೆಪ್ಟೆಂಬರ್ ನಡುಭಾಗದಿಂದ ಅದರ ಪ್ಲಗ್ ಕಳಚಿ, ಬ್ಯಾಟರಿ ಕೆಡದಂತೆ ತಿಂಗಳಿಗೆ ಎರಡು ರಾತ್ರಿ ಮಾತ್ರ ಚಾರ್ಜಿಗೆ ಹಾಕುತ್ತಿದ್ದಾರೆ.

ಅಕ್ಟೋಬರ್ ತಿಂಗಳ ಬಳಕೆ 124 ಯೂನಿಟ್ ಬಂತು. ನವರಾತ್ರಿ, ದೀಪಾವಳಿಯ ರಜೆ ಕಳೆದು ಅವನು ಕೆಲಸ ಮಾಡಿದ್ದು 19 ದಿನ, ಹಾಗಾಗಿ ಜುಲೈಗೆ ನೇರ ಹೋಲಿಕೆ ಸಲ್ಲದು. ಆದರೂ ಅವನ ಕೆಲಸದ ಒಟ್ಟು ಪಾಲು 38ರಿಂದ ಸುಮಾರು 17ಕ್ಕೆ ಇಳಿದದ್ದು ಬಹುತೇಕ ಯುಪಿಎಸ್ ಮತ್ತು ವೈಫೈಗಳಿಂದಲೇ. ಮಿತಿ ದಾಟಿದ್ದು 10 ಯೂನಿಟ್, ಕಟ್ಟಿದ ಹಣ ₹67ರ ಹತ್ತಿರ. ಸೊನ್ನೆ ಬಿಲ್ಲು ಮರಳಿ ಬರಲಿಲ್ಲ, ಅವನು ಅಲ್ಲಿರುವವರೆಗೆ ಬರುವುದೂ ಇಲ್ಲ. ನವೆಂಬರ್‌ನಲ್ಲಿ ನಾನು ಹೋದಾಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ 94 ಎಂಬ ಪೆನ್ಸಿಲ್ ಬರಹ ಅಳಿಸಿತ್ತು. ಆ ಜಾಗದಲ್ಲಿ ಬ್ಯಾಟರಿಗೆ ನೀರು ಹಾಕಿದ ತಾರೀಕನ್ನು ಭಾವ ಬರೆದಿಟ್ಟಿದ್ದರು.